ಬನ್ನಿ ಕೊಡಲು ಉಳಿದ ಒಂದೇ ಮನೆ

ಝಣ್, ಝಣ್, ಝಣ್. ಬೆಳಗಾವಿಯಲ್ಲಿ ನಾನು ಓದಿದ ಕಾನ್ವೆಂಟಿನ ಉದ್ದನೆಯ ವರಾಂಡದಲ್ಲಿ ಸಿಸ್ಟರ್ ಬರ್ನಡೆಟ್ ಕಣ್ಣಿಗೆ ಬೀಳುವ ಮೊದಲು ಅವರ ಸೊಂಟದ ಬೀಗದಕೈ ಗೊಂಚಲು ಕಿವಿಗೆ ಬೀಳುತ್ತಿತ್ತು. ಆ ಸದ್ದು ಕೇಳಿದ್ದೇ ತಡ, ಮೂರನೇ ಇಯತ್ತೆಯ ನಾವೆಲ್ಲ ಬೆಂಚಿನ ಮೇಲಿಟ್ಟ ಕಾಲನ್ನು ಕೆಳಗಿಳಿಸಿ, ಮೊಣಕಾಲ ಮೇಲೆ ಫ್ರಾಕು ಎಳೆದುಕೊಂಡು, ದೇವದೂತರ ಹಾಗೆ ಕೂತುಬಿಡುತ್ತಿದ್ದೆವು. "ಲೇಡೀಸ್ ಡು ನಾಟ್ ಪುಟ್ ದೇರ್ ಫೀಟ್ ಅಪ್" ಅನ್ನುವುದು ದೇವರು ಕೊಟ್ಟ ಹತ್ತು ಆಜ್ಞೆಗಳಿಗೆ ಸಿಸ್ಟರ್ ತಾವಾಗಿ ಸೇರಿಸಿದ್ದ ಹನ್ನೊಂದನೆಯದು. ಸರಿಯಾಗಿ ಕೂತವರ ತಲೆಯ ಮೇಲೆ ಕೈಯಿಟ್ಟು "ಗುಡ್ ಗರ್ಲ್" ಅನ್ನುತ್ತಿದ್ದರು. ಆ ಕೈ ಒಣಗಿದ ಎಲೆಯ ಹಾಗಿರುತ್ತಿತ್ತು. ಅವರ ವಯಸ್ಸೆಷ್ಟು ಅನ್ನುವ ಚರ್ಚೆ ಊಟದ ಡಬ್ಬಿ ಬಿಚ್ಚಿದಾಗಲೆಲ್ಲ ಆಗುತ್ತಿತ್ತು. ನೂರು ಅಂತ ನನ್ನ ಅಭಿಪ್ರಾಯ. ಪಕ್ಕದ ಹುಡುಗಿ ಇನ್ನೂ ಮುಂದೆ ಹೋಗಿ, ಯೇಸುಸ್ವಾಮಿಯನ್ನು ಅವರು ಕಣ್ಣಾರೆ ನೋಡಿರಬಹುದು, ಅದಕ್ಕೇ ಅಷ್ಟು ಭಕ್ತಿ ಅಂದಿದ್ದಳು. ಮೆಟ್ರಿಕ್ ಮುಗಿಸಿ ಹೊರಡುವಾಗ ಇನ್ನೊಬ್ಬ ಸಿಸ್ಟರ್ ಮಾತಿನ ಮೇಲೆ ಮಾತು ಬಂದು ಹೇಳಿದರು: ನಾವು ನೂರು ವರ್ಷ ಕೊಟ್ಟಿದ್ದ ಆ ಕಾಲಕ್ಕೆ ಬರ್ನಡೆಟ್ ಅವರಿಗೆ ನಲವತ್ತೊಂದು. ಈಗ ನನ್ನ ಮಗನಿಗೇ ಐವತ್ತು. ಅವನು ಹೊರಗೆ ಹೊರಟರೆ ನಾನು ಇನ್ನೂ "ಬಿಸಿಲೈತಿ, ಟೊಪಿಗಿ ಹಾಕ್ಕೋ" ಅಂತ ಬಾಗಿಲ ತನಕ ಹೋಗುತ್ತೇನೆ.

ನಾಚಿಕೆ ಬಿಟ್ಟು ಒಪ್ಪಿಕೊಳ್ಳುತ್ತೇನೆ. ಮುದಿತನ ಎಂದರೆ ನನಗೆ ಯಾವಾಗಲೂ ನನಗಿಂತ ಹತ್ತು ಹದಿನೈದು ವರ್ಷ ಮುಂದಿರುವವರ ಸಮಾಚಾರ. ನಾನೀಗಿರುವ ಹೈದರಾಬಾದಿನಲ್ಲಿ ಬೇಸಿಗೆಯ ನೀರಿನ ಟ್ಯಾಂಕರು ಬರುವ ಹಾಗೆ ಅದು. ಎರಡು ಗಲ್ಲಿ ಆಚೆ ಹಾರ್ನ್ ಕೇಳುತ್ತದೆ, ಅಲ್ಲಿನವರು ಬಕೆಟ್ ಹಿಡಿದು ಓಡುವುದೂ ಕಾಣುತ್ತದೆ, ಆದರೆ ನಮ್ಮ ಗಲ್ಲಿಗೆ ಇನ್ನೂ ಬಂದಿಲ್ಲವಲ್ಲ ಎಂದು ನಾವು ಆರಾಮಾಗಿ ಚಹಾ ಕುಡಿಯುತ್ತೇವೆ. ಮದುವೆಯಾದ ಹೊಸತರಲ್ಲಿ ನಲವತ್ತರ ಹೆಂಗಸರು ಹೂ ಮುಡಿದರೆ ನನಗೆ ಕನಿಕರ ಬರುತ್ತಿತ್ತು, ಪಾಪ, ಇನ್ನೂ ಆಸೆ ಬಿಟ್ಟಿಲ್ಲ ಅಂತ. ನಲವತ್ತಾದಾಗ ನಾನು ಎರಡು ಮೊಳ ಮುಡಿದೆ. ಅರವತ್ತಕ್ಕೆ ಬಂದಾಗ, ಕೋಲು ಹಿಡಿದವರು ಮಾತ್ರ ಮುದುಕರು ಎಂದು ತೀರ್ಮಾನಿಸಿದೆ. ಆಮೇಲೆ ಮೊಣಕಾಲು ತಕರಾರು ತೆಗೆದು, ಮಗ ಒಂದು ಚೆಂದದ ಕೋಲು ತಂದುಕೊಟ್ಟ. ಆಗ, ಕೋಲಿನ ಮಾತಲ್ಲ, ಬಿದ್ದವರು ಮುದುಕರು ಎಂದು ಕಾಯಿದೆ ತಿದ್ದಿದೆ. ಕೋಲು ಬಾಗಿಲ ಹಿಂದೆ ನಿಂತಿದೆ. ಸೊಸೆ ಅದರಿಂದ ಜೇಡರ ಬಲೆ ತೆಗೆಯುತ್ತಾಳೆ.

ಆದರೆ ಕಾಯಿದೆ ತಿದ್ದುವವಳಿಗೂ ಒಳಗೆ ಭಯ ಇದ್ದೇ ಇರುತ್ತದೆ. ಬಚ್ಚಲಿನ ಒದ್ದೆ ಟೈಲ್ಸು ನನ್ನನ್ನೇ ನೋಡುತ್ತಿದೆ ಅನಿಸುತ್ತದೆ. ಯಾರದಾದರೂ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಟ್ಟರೆ ಎದೆ ಧಸಕ್ಕೆನ್ನುತ್ತದೆ. ಎಲ್ಲಕ್ಕಿಂತ ದೊಡ್ಡ ಭಯ ಸಂದುಗಳದ್ದು. ಮೆಟ್ರೋ ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಒಂದು ಸಂದು ಇರುತ್ತದೆ. ಲಿಫ್ಟಿಗೂ ನೆಲಕ್ಕೂ ನಡುವೆ ಇನ್ನೊಂದು, ಎರಡು ಬೆರಳಿನಷ್ಟು, ಒಳಗೆ ಕತ್ತಲೆ, ಕೆಳಗಿನಿಂದ ತಣ್ಣನೆಯ ಗಾಳಿ. ಆ ಸಂದಿನಲ್ಲಿ ನಾನು ಇಡಿಯಾಗಿ ಹೋಗಲಾರೆ ಎಂದು ನನಗೆ ಗೊತ್ತು, ನನ್ನ ಗಾತ್ರ ನೋಡಿದವರಿಗೆಲ್ಲ ಗೊತ್ತು. ಆದರೂ ದಾಟುವಾಗ ಪ್ರತಿ ಸಲ ಉಸಿರು ಬಿಗಿಹಿಡಿದು, ತಲೆ ತಗ್ಗಿಸಿ, ಕಣ್ಣನ್ನು ಅದರ ಮೇಲೇ ನೆಟ್ಟು ಹೆಜ್ಜೆ ಇಡುತ್ತೇನೆ. ದಾಟಿದ ಮೇಲೆ "ಐ ಯಾಮ್ ಫೈನ್" ಅನ್ನುತ್ತೇನೆ, ಯಾರೂ ಕೇಳಿರದಿದ್ದರೂ.

ನಮ್ಮವರಿಗೆ ಈ ರಗಳೆಯೇ ಇಲ್ಲ. ಅವರಿಗೆ ಎಂಬತ್ತೆರಡು, ಮುದುಕರಾಗಿ ಬಹಳ ಸುಖವಾಗಿದ್ದಾರೆ. ಬಾಲಾನಗರದ ಕಾರ್ಖಾನೆಯಿಂದ ನಿವೃತ್ತಿಯಾದ ಮರುದಿನ ಬೆಳಿಗ್ಗೆಯೇ ಮಫ್ಲರ್ ಸುತ್ತಿಕೊಂಡು ಬಾಲ್ಕನಿಯಲ್ಲಿ ಕೂತವರು ಇನ್ನೂ ಎದ್ದಿಲ್ಲ. ಕಿವಿ ಮಂದವಾಗಿದ್ದಕ್ಕೂ ಬೇಜಾರಿಲ್ಲ. "ಅರ್ಧ ಕೇಳಸೂದಿಲ್ಲ, ಆ ಅರ್ಧನ ಬ್ಯಾಡಾಗಿತ್ತು" ಅಂತ ನನ್ನ ಮುಖ ನೋಡಿ ಹೇಳುತ್ತಾರೆ.

ನನ್ನ ಕಾಯಿದೆಗಳೆಲ್ಲ ಒಂದೊಂದಾಗಿ ಬಿದ್ದ ಮೇಲೂ ಒಂದು ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅದು ಬನ್ನಿಯದು. ದಸರೆಯ ಸಂಜೆ ಬನ್ನಿಮರದ ಪೂಜೆ ಮಾಡಿ, ಅದರ ಎಲೆಯನ್ನು ಬಂಗಾರ ಅಂತ ಹಂಚುವುದು ನಮ್ಮ ಕಡೆಯ ಪದ್ಧತಿ. ಇಲ್ಲಿಯ ತೆಲುಗರಲ್ಲೂ ಇದೆ, ಅವರು ಜಮ್ಮಿ ಅನ್ನುತ್ತಾರೆ. ಚಿಕ್ಕವರು ದೊಡ್ಡವರ ಮನೆಗೆ ಹೋಗಿ ಎಲೆ ಕೊಟ್ಟು ಕಾಲು ಮುಟ್ಟಬೇಕು. ದೊಡ್ಡವರು ಹೊಸ್ತಿಲು ದಾಟದೆ ಮನೆಯಲ್ಲೇ ಕೂತು ಕಾಯಬೇಕು. ನಾನು ಇಪ್ಪತ್ತಮೂರನೇ ವಯಸ್ಸಿಗೆ ಕಾರ್ಖಾನೆಯ ಕ್ವಾರ್ಟರ್ಸಿಗೆ ಬಂದಾಗ ಅಲ್ಲಿ ಧಾರವಾಡ, ಬಿಜಾಪುರ, ಕಲಬುರ್ಗಿ ಕಡೆಯ ಮನೆಗಳು ಬೇಕಾದಷ್ಟಿದ್ದವು. ನಾವು ಹೊಸ ಸೊಸೆಯಂದಿರು ಹೊಸ ಸೀರೆ ಉಟ್ಟು, ಗುಂಪು ಕಟ್ಟಿಕೊಂಡು, ಒಬ್ಬರ ಮೇಲೊಬ್ಬರು ಬಿದ್ದು ನಗುತ್ತ, ಕತ್ತಲಾಗುವ ತನಕ ಮನೆ ಮನೆ ತಿರುಗುತ್ತಿದ್ದೆವು. ಯಾರು ದೊಡ್ಡವರು, ಯಾರು ಚಿಕ್ಕವರು ಎಂದು ಯಾರೂ ಯಾರ ವಯಸ್ಸನ್ನೂ ಕೇಳುತ್ತಿರಲಿಲ್ಲ. ಕೇಳುವ ಅಗತ್ಯವೇ ಇರಲಿಲ್ಲ. ಕಾರ್ಖಾನೆಯಲ್ಲಿ ಗಂಡಂದಿರ ಸೀನಿಯಾರಿಟಿ ಏನಿತ್ತೋ ಕ್ವಾರ್ಟರ್ಸಿನಲ್ಲಿ ಹೆಂಡಂದಿರ ಸೀನಿಯಾರಿಟಿಯೂ ಅದೇ. ಗಂಡನಿಗೆ ಬಡ್ತಿ ಬಂದರೆ ಹೆಂಡತಿ ಒಂದೇ ದಿನದಲ್ಲಿ ಐದು ವರ್ಷ ದೊಡ್ಡವಳಾಗುತ್ತಿದ್ದಳು.

ಆ ಲೆಕ್ಕದಲ್ಲಿ ಎಲ್ಲರಿಗಿಂತ ದೊಡ್ಡವರು ಗೋದಕ್ಕ. ನಮ್ಮವರ ಫೋರ್‌ಮನ್ ಸಾಹೇಬರ ಹೆಂಡತಿ. ನಾನು ಮೊದಲ ಸಲ ನೋಡಿದಾಗ ದೊಡ್ಡ ತುರುಬು, ತಲೆಯ ಮೇಲೆ ಇಳಕಲ್ಲ ಸೀರೆಯ ಸೆರಗು, ದಪ್ಪ ಫ್ರೇಮಿನ ಕನ್ನಡಕ, ಪಕ್ಕದಲ್ಲಿ ಮೀಸೆ ಚಿಗುರಿದ ಕಾಲೇಜು ಹುಡುಗ, "ಅವ್ವಾ" ಅಂತ ಕರೆಯುವ ಮಗ. ಇಷ್ಟು ಸಾಕಲ್ಲ? ಕಾಲು ಮುಟ್ಟಿದೆ. ತಟ್ಟೆಯಲ್ಲಿ ಶೇಂಗಾ ಹೋಳಿಗೆ ಕೊಟ್ಟರು. ಆ ಹುಡುಗ ಫೋರ್‌ಮನ್ ಸಾಹೇಬರ ಮೊದಲ ಹೆಂಡತಿಯ ಮಗ ಅನ್ನುವುದು ಎಷ್ಟೋ ವರ್ಷಗಳ ಮೇಲೆ ಕಿವಿಗೆ ಬಿತ್ತು. ಅಷ್ಟೊತ್ತಿಗೆ ಕಾಲು ಮುಟ್ಟಿ ಮುಟ್ಟಿ ರೂಢಿಯಾಗಿತ್ತು. ಕೂಡಿ ಕಳೆದು ನೋಡಬೇಕು ಅಂತ ಹೊಳೆಯಲೇ ಇಲ್ಲ. ಗಣಿತದಲ್ಲಿ ನಾನು ಮೊದಲಿನಿಂದಲೂ ವೀಕ್, ಸಿಸ್ಟರ್ ಬರ್ನಡೆಟ್ ಸಾಕ್ಷಿ.

ಗೋದಕ್ಕ ನನಗಿಂತ ಹತ್ತು ವರ್ಷಕ್ಕಾದರೂ ದೊಡ್ಡವರು ಎಂದು ನಾನೇ ಇಟ್ಟುಕೊಂಡಿದ್ದೆ. ಹಾಗಾಗಿ ಅವರು ನನ್ನ ಪಾಲಿಗೆ ದೊಡ್ಡದೊಂದು ಗ್ಯಾರಂಟಿ. ಮಗ ನನ್ನ ಮೊಣಕಾಲಿನ ಎಕ್ಸ್‌ರೇ ಬೆಳಕಿಗೆ ಹಿಡಿದು ನಿಟ್ಟುಸಿರು ಬಿಟ್ಟರೆ ನಾನು, "ಗೋದಕ್ಕನ್ನ ನೋಡು. ಎಂಬತ್ತು ದಾಟೇತಿ, ಹಲ್ಲೆಲ್ಲ ಸ್ವಂತದ್ದು, ಚಕ್ಕಲಿ ಕಟುಮ್ ಅಂತ ಕಡಿತಾರ. ನನಗಿನ್ನೂ ಹತ್ತು ವರ್ಷ ಏನೂ ಆಗೂದಿಲ್ಲ" ಅನ್ನುತ್ತಿದ್ದೆ. ಅವರೆದುರಿಗೂ ಅಂದಿದ್ದೇನೆ. ಅವರು ಚಕ್ಕಲಿ ಕಡಿಯುತ್ತ ಸುಮ್ಮನೆ ನಗುತ್ತಿದ್ದರು. ಆ ನಗುವಿನ ಅರ್ಥ ಈಗ ಆಗುತ್ತಿದೆ.

ವರ್ಷ ಕಳೆದ ಹಾಗೆ ನಾನು ಬನ್ನಿ ಕೊಡಲು ಹೋಗುವ ಮನೆಗಳು ಕಡಿಮೆಯಾದವು. ಕೆಲವರು ಮಕ್ಕಳ ಜೊತೆ ಊರು ಬಿಟ್ಟರು, ಕೆಲವರು ಎಲ್ಲ ಬಿಟ್ಟರು. ನಮ್ಮ ಮನೆಗೆ ಬರುವವರು ಹೆಚ್ಚಾದರು. ಆದರೂ ಹೋಗಲು ಒಂದು ಮನೆ ಇದೆಯಲ್ಲ ಅನ್ನುವ ಧೈರ್ಯ. ನನ್ನ ಕಾಲು ಮುಟ್ಟುವವರು ಎಷ್ಟು ಜನ ಬೇಕಾದರೂ ಇರಲಿ, ನಾನು ಮುಟ್ಟಲು ಒಂದು ಜೊತೆ ಕಾಲು ಈ ಊರಲ್ಲಿ ಇರುವ ತನಕ ನಾನು ಚಿಕ್ಕವಳೇ. ಮನೆಯಲ್ಲಿ ನಮ್ಮವರಿಲ್ಲವೇ ಎಂದು ನೀವು ಕೇಳಬಹುದು. ಅವರು ಲೆಕ್ಕಕ್ಕಿಲ್ಲ. ಸೋಫಾದಿಂದ ಎದ್ದು ಬಾಲ್ಕನಿಗೆ ಹೋಗಿ ಕೊಡುವುದು ಬನ್ನಿ ಕೊಟ್ಟಂತಲ್ಲ, ಮಾತ್ರೆ ಕೊಟ್ಟಂತೆ. ಹೊಸ್ತಿಲು ದಾಟಿ, ಬೀದಿಗಿಳಿದು, ಇನ್ನೊಬ್ಬರ ಬಾಗಿಲು ಬಡಿಯಬೇಕು.

ಹೋದ ವರ್ಷ ದಸರೆಗೆ ಎರಡು ದಿನ ಇರುವಾಗ ಗೋದಕ್ಕನ ಮಗಳು ವಿಜ್ಜುವಿನ ಫೋನ್ ಬಂತು. ಗೋದಕ್ಕ ಕೊಂಡಾಪುರದಲ್ಲಿ ಅವಳ ಮನೆಯಲ್ಲಿದ್ದರು. "ಕಾಕು, ಅವ್ವ ಭಾಳ ಸೊರಗ್ಯಾಳ. ಊಟ ಸೇರವಲ್ದು. ನಿಮ್ಮನ್ನ ಒಂದ ಸವನ ಕೇಳಾಕತ್ತಾಳ. ದಸರಿಗೆ ಬರ್ತಾಳಿಲ್ಲೋ ಸುಶೀ ಅಂತ. ನಾವ ಬರೂಣಂದ್ರ ಆಕಿಗೆ ಕಾರಿನಾಗ ಕುಂಡ್ರಾಕ ಆಗೂದಿಲ್ಲ."

ಆ ಮಾತು ಕೇಳಿ ನನಗೆ ಮೊದಲು ಆದದ್ದು ದುಃಖವಲ್ಲ, ಹೆದರಿಕೆ. ಗೋದಕ್ಕ ಹೋದರೆ ನನ್ನ ಮುಂದೆ ಯಾರೂ ಇಲ್ಲ. ಸಾಲಿನಲ್ಲಿ ಮುಂದೆ ನಿಂತಿದ್ದವರು ಸರಿದು, ಇದ್ದಕ್ಕಿದ್ದ ಹಾಗೆ ಕಿಟಕಿಯೊಳಗಿನ ಮನುಷ್ಯ "ನೆಕ್ಸ್ಟ್" ಅಂತ ನನ್ನನ್ನೇ ನೋಡಿದಂತಾಯಿತು.

ಮನೆಯಲ್ಲಿ ಚರ್ಚೆ ಎದ್ದಿತು. ಮಗ ಸೊಸೆ ಹಬ್ಬದ ಪೂಜೆಯ ಗಡಿಬಿಡಿಯಲ್ಲಿದ್ದರು, ಸಂಜೆ ಅವರ ಸ್ನೇಹಿತರು ಬರುವವರಿದ್ದರು. ಮಾದಾಪುರದ ಆಫೀಸಿನಲ್ಲಿ ಕೆಲಸ ಮಾಡುವ ಮೊಮ್ಮಗಳು ಅನಘಾ ಫೋನಿನಿಂದ ತಲೆ ಎತ್ತದೆ ಪರಿಹಾರ ಕೊಟ್ಟಳು. "ಅಜ್ಜಿ, ವಿಡಿಯೋ ಕಾಲ್ ಮಾಡು. ಎಲಿ ಬೇಕಾದ್ರ ಪಾರ್ಸಲ್ ಹುಡುಗನ ಕೈಲಿ ಕಳಸೋಣ, ಅರ್ಧ ತಾಸಿನ್ಯಾಗ ಮುಟ್ತದ."

"ಮತ್ತ ಕಾಲು ಯಾರು ಮುಟ್ಟಬೇಕು? ಆ ಪಾರ್ಸಲ್ ಹುಡುಗನ?"

"ಎಕ್ಸ್‌ಟ್ರಾ ಚಾರ್ಜ್ ಕೊಟ್ರ ಮುಟ್ಟತಾನ ಬಿಡು," ಅಂದಳು.

ಬಾಲ್ಕನಿಯಿಂದ ನಮ್ಮವರು, ಯಾವ ಅರ್ಧ ಕೇಳಿಸಿತ್ತೋ, "ಆಕಿ ಹೋಗ್ತಾಳ, ಬಿಡ್ರಿ. ಬ್ಯಾಡ ಅಂದ್ರ ಕೋಲು ಬಿಟ್ಟು ಹೋಗ್ತಾಳ, ಹ್ಞೂಂ ಅಂದ್ರ ತಗೊಂಡರ ಹೋದಾಳು" ಅಂದರು. ಎಲ್ಲರೂ ಹ್ಞೂಂ ಅಂದರು. ನಾನು ಕೋಲು ಬಿಟ್ಟೇ ಹೋದೆ. ಅನಘಾ ಬಾಲಾನಗರದ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ, ಚಿಕ್ಕ ಮಗುವಿಗೆ ಹೇಳಿದಂತೆ ಹೇಳಿದಳು, ಅಮೀರಪೇಟೆಯಲ್ಲಿ ಇಳಿದು ಬೇರೆ ರೈಲು, ಹೈಟೆಕ್ ಸಿಟಿಯಲ್ಲಿ ಇಳಿ, ವಿಜ್ಜು ಅತ್ತೆ ಹೊರಗೆ ನಿಂತಿರುತ್ತಾರೆ. ನಾನು ಸಂದು ನೋಡುತ್ತಿದ್ದೆ, ಅರ್ಧ ಕೇಳಿಸಲಿಲ್ಲ.

ರೈಲಿನೊಳಗೆ ಕಾಲಿಟ್ಟೊಡನೆ ಜೀನ್ಸು ತೊಟ್ಟ ಒಬ್ಬ ತೆಲುಗು ಹುಡುಗಿ ಚಂಗನೆ ಎದ್ದು "ಅಮ್ಮಮ್ಮಾ, ಕೂರ್ಚೋಂಡಿ" ಅಂತ ಸೀಟು ತೋರಿಸಿದಳು. ಅಮ್ಮಮ್ಮ ಎಂದರೆ ಅಜ್ಜಿ. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. "ನೋ ಥ್ಯಾಂಕ್ ಯೂ, ಮೈ ಡಿಯರ್, ಐ ಗೆಟ್ ಡೌನ್ ನೆಕ್ಸ್ಟ್ ಸ್ಟಾಪ್" ಅಂದೆ ಇಂಗ್ಲಿಷಿನ ಗತ್ತಿನಲ್ಲಿ. ಮುಂದಿನ ಸ್ಟಾಪ್ ಬಂತು, ಹೋಯಿತು. ಅದರ ಮುಂದಿನದೂ ಹೋಯಿತು. ಆ ಹುಡುಗಿ ನನ್ನ ಮಾತಿಗೆ ಮರ್ಯಾದೆ ಕೊಟ್ಟು ಕೂತುಬಿಟ್ಟಿದ್ದಳು. ನಾನು ಕಂಬಕ್ಕೆ ಜೋತುಬಿದ್ದು, ಅಮೀರಪೇಟೆಯ ತನಕ ಹಲ್ಲಿಯ ಹಾಗೆ ನಿಂತು ಬಂದೆ, ನೋವು ಮುಚ್ಚಲು ಮುಖಕ್ಕೆ ಮುಗುಳುನಗೆ ಹಾಕಿಕೊಂಡು. ಅಲ್ಲಿಯ ಎಸ್ಕಲೇಟರಿನ ಮುಂದೆ ಎಷ್ಟು ಹೊತ್ತು ನಿಂತೆ ಎಂದು ಹೇಳಲಾರೆ. ಮೆಟ್ಟಿಲು ಒಂದರ ಹಿಂದೊಂದು ಹುಟ್ಟಿ ಹುಟ್ಟಿ ಮೇಲೆ ಹೋಗುತ್ತಿದ್ದವು. ಯಾವುದಕ್ಕೆ ಕಾಲಿಡಬೇಕೆಂದು ನಾನು ನಿರ್ಧರಿಸುವಷ್ಟರಲ್ಲಿ ಅದು ದೊಡ್ಡದಾಗಿ ಮೇಲೆ ಹೋಗಿರುತ್ತಿತ್ತು. ಹಿಂದಿನಿಂದ ಒಬ್ಬ ಗಂಡಸು "ಚಲೋ ಅಮ್ಮಾ, ಡರೋ ನಕ್ಕೋ" ಅಂತ ಧೈರ್ಯ ಹೇಳಿ ತೋಳು ಹಿಡಿದು ಏರಿಸಿಬಿಟ್ಟ. "ಐ ಯಾಮ್ ಫೈನ್" ಅನ್ನುವಷ್ಟರಲ್ಲಿ ಮೇಲಿದ್ದೆ.

ವಿಜ್ಜು ಸ್ಟೇಷನ್ನಿಗೆ ಬಂದಿದ್ದಳು. ಅವಳ ಮನೆ ಕೊಂಡಾಪುರದ ಎತ್ತರದ ಅಪಾರ್ಟ್‌ಮೆಂಟಿನ ಒಂಬತ್ತನೇ ಅಂತಸ್ತು. ಲಿಫ್ಟಿನ ಸಂದು ದಾಟಿ, ಉಸಿರು ಬಿಟ್ಟು, ಒಳಗೆ ಹೋದೆ. "ಮುಂಜಾನಿಯಿಂದ ತಯಾರಾಗಿ ಕುಂತಾಳ ಕಾಕು, ಹೊಸಾ ಸೀರಿನ ಬೇಕಂತ ಹಟ" ಅಂದಳು ವಿಜ್ಜು.

ಗೋದಕ್ಕ ಮಂಚದ ಅಂಚಿನಲ್ಲಿ ಕೂತಿದ್ದರು. ಸೀರೆಯೇ ಕೂತಿದೆಯೇನೋ ಅನ್ನಬೇಕು, ಒಳಗಿನವರು ಅಷ್ಟು ಇಳಿದುಹೋಗಿದ್ದರು. ಪಕ್ಕದಲ್ಲಿ ನಾಲ್ಕು ಕಾಲಿನ ವಾಕರ್. ಬಾಯಿ ಮಾತ್ರ ಇಳಿದಿರಲಿಲ್ಲ.

"ಬಂದ್ಯಾ ಸುಶೀ? ಮೆಟ್ರೋದಾಗ ಬಂದ್ಯೋ ಎತ್ತಿನ ಗಾಡ್ಯಾಗ ಬಂದ್ಯೋ? ಹೊತ್ತ ಮುಳಗಾಕ ಬಂತು."

"ನಿಮ್ಮ ಬಾಯಿ ನೋಡಿದ್ರ ನಿಮಗೇನೂ ಆಗಿಲ್ಲ ಬಿಡ್ರಿ ಅಕ್ಕಾ" ಅಂದೆ, ಎದೆ ಹಗುರಾಗಿ. ಗ್ಯಾರಂಟಿ ಇನ್ನೂ ಚಾಲ್ತಿಯಲ್ಲಿದೆ. ಚೀಲದಿಂದ ಬನ್ನಿ ತೆಗೆದು, ಮಂಚದ ಕಾಲು ಹಿಡಿದು ಬಗ್ಗತೊಡಗಿದೆ. ಗೋದಕ್ಕ ಸರಕ್ಕನೆ ಕಾಲು ಹಿಂದಕ್ಕೆಳೆದುಕೊಂಡರು.

"ನಿಂದ್ರ. ಈ ಸಲ ಬ್ಯಾಡ."

ನಮ್ಮಲ್ಲಿ ಹಿರಿಯರು ನಮಸ್ಕಾರ ಬೇಡ ಅಂದರೆ ಸೂತಕ ಇರಬೇಕು, ಇಲ್ಲವೇ ಸಿಟ್ಟಿರಬೇಕು. ಯಾವುದು ಎಂದು ತಿಳಿಯದೆ ಅರ್ಧ ಬಗ್ಗಿದವಳು ಅಲ್ಲೇ ನಿಂತೆ. ಪೂರ್ತಿ ಬಗ್ಗುವುದೂ ಕಷ್ಟ, ವಾಪಸ್ ಏಳುವುದೂ ಕಷ್ಟ. ವಿಜ್ಜು ಕುರ್ಚಿ ತಂದು ನನ್ನನ್ನು ಅದರಲ್ಲಿ ಇಳಿಸಿದಳು.

"ಒಂದು ಮಾತು ಕೇಳ್ತೀನಿ, ಖರೇ ಹೇಳು" ಅಂದರು ಗೋದಕ್ಕ. "ಕ್ವಾರ್ಟರ್ಸಿಗೆ ಬಂದಾಗ ನಿನಗೆಷ್ಟ ವಯಸ್ಸು?"

"ಇಪ್ಪತ್ತಮೂರು."

"ನನಗ ಇಪ್ಪತ್ತೊಂದು."

ಕಾಯಿಲೆ ತಲೆಗೇರಿದೆ ಅಂದುಕೊಂಡೆ. ವಿಜ್ಜುವಿನ ಮುಖ ನೋಡಿದೆ. ಅವಳು ಫ್ಯಾನು ನೋಡುತ್ತಿದ್ದಳು.

"ತಲಿ ಕೆಟ್ಟಿಲ್ಲ ನಂದು, ಹಂಗ ನೋಡಬ್ಯಾಡ. ಹದಿನೇಳಕ್ಕ ನನ್ನ ಲಗ್ನ ಆತು. ಸಾಹೇಬರಿಗೆ ಆವಾಗ ನಲವತ್ತರ ಹತ್ತಿರ, ಮಗಾ ಹನ್ನೆರಡು ವರ್ಷದಂವ. ನಮ್ಮತ್ತಿ ತುರುಬು ಕಟ್ಟಿಸಿದ್ರು, ಸಾಹೇಬರು ಕನ್ನಡಕ ಕೊಡಿಸಿದ್ರು. ದೊಡ್ಡಾಕಿಗತೆ ಕಾಣಬೇಕು ಅಂತ. ಆ ಕನ್ನಡಕದಾಗ ನಂಬರ ಇರಲಿಲ್ಲ ಸುಶೀ, ಬರೇ ಗಾಜು."

ನಾನು ಬೆರಳು ಮಡಚಿ ಲೆಕ್ಕ ಹಾಕಿದೆ. ಎರಡು ಸಲ ಹಾಕಿದೆ. ಎರಡು ಸಲವೂ ಗೋದಕ್ಕ ನನಗಿಂತ ಎರಡು ವರ್ಷಕ್ಕೆ ಚಿಕ್ಕವರು. ಈ ಊರಿಗೆ ಬಂದಾಗಿನಿಂದ, ಪ್ರತಿ ದಸರೆಗೂ, ನಾನು ನನಗಿಂತ ಚಿಕ್ಕವಳ ಕಾಲು ಮುಟ್ಟಿದ್ದೇನೆ, ಅವಳ ಕೈಯಿಂದ ದೀರ್ಘಾಯುಷ್ಯ ಪಡೆದಿದ್ದೇನೆ. (ಮನೆಗೆ ಬಂದು ಇದನ್ನು ನಮ್ಮವರಿಗೆ ಹೇಳಿದರೆ, "ಗೊತ್ತಿತ್ತು. ಸಾಹೇಬರ ಲಗ್ನದ ಪೇಢೆ ನಾವು ಕಾರ್ಖಾನ್ಯಾಗ ತಿಂದೇವಿ" ಅಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದರೆ, "ನೀ ಕೇಳಲಿಲ್ಲ.") ಕುರ್ಚಿಯಲ್ಲಿ ಕೂತಿದ್ದರೂ ಬೀಳುವ ಭಯವಾಗಿ ಅದರ ಕೈ ಹಿಡಿದುಕೊಂಡೆ. ನೀರಿನ ಟ್ಯಾಂಕರು ಎರಡು ಗಲ್ಲಿ ಆಚೆ ಇದೆ ಅಂದುಕೊಂಡಿದ್ದೆ. ಅದು ನನ್ನ ಮನೆಯ ಮುಂದೆಯೇ ನಿಂತು, ಎಷ್ಟೋ ಹೊತ್ತಿನಿಂದ ಹಾರ್ನ್ ಹೊಡೆಯುತ್ತಿತ್ತು. ನನ್ನ ಮುಂದೆ ಸಾಲಿನಲ್ಲಿ ಯಾರೂ ಇರಲೇ ಇಲ್ಲ.

"ಈಗ್ಯಾಕ ಹೇಳಿದ್ರಿ ಅಕ್ಕಾ?" ನನ್ನ ದನಿ ನನಗೇ ಅಳುವಿನ ಹಾಗೆ ಕೇಳಿಸಿತು. "ಹಂಗ ಇರಾಕ ಬಿಡಬೇಕಿತ್ತು."

"ಬಿಟ್ಟಿದ್ರ ಹತ್ತು ವರ್ಷ ಗ್ಯಾರಂಟಿ ಐತಿ ಅಂತ ಇನ್ನಾ ಮೆರದಾಡ್ತಿದ್ದಿ" ಅಂದು ಮೊದಲು ನಕ್ಕರು. ಆಮೇಲೆ ನಗು ಬಿಟ್ಟು, ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಹೇಳಿದರು. "ನೀವೆಲ್ಲ ದಸರಿ ದಿನ ಹೊಸಾ ಸೀರಿ ಉಟ್ಟು, ನಕ್ಕೋತ, ಗದ್ಲಾ ಮಾಡಕೋತ ಗಲ್ಲಿ ತುಂಬ ಬರ್ತಿದ್ರಿ. ನಾ ಕಿಟಕ್ಯಾಗಿಂದ ನೋಡತಿದ್ದೆ. ನನಗೂ ಓಡಿ ಬಂದು ನಿಮ್ಮೊಳಗ ಸೇರಬೇಕು ಅನಸ್ತಿತ್ತು. ಬಾಗಿಲು ಬಡದ್ರಿ ಅಂದ್ರ ಲಗೂನ ಹೋಗಿ ಕುರ್ಚಿ ಮ್ಯಾಲ ಕುಂಡ್ರಾಕಿ, ಮಾರಿ ದೊಡ್ಡದು ಮಾಡ್ಕೊಂಡು. ಇಪ್ಪತ್ತೊಂದನೇ ವಯಸ್ಸಿಂದ ಕುಂತೀನಿ ಆ ಕುರ್ಚಿ ಮ್ಯಾಲ. ಒಮ್ಮಿನೂ ಯಾರ ಮನಿಗೂ ಬನ್ನಿ ತಗೊಂಡು ಹೋಗಿಲ್ಲ ನಾ. ಒಮ್ಮೆ, ಒಂದು ಸಲ, ಸಣ್ಣಾಕಿ ಆಗಬೇಕು ಅಂತ ಆಸಿ. ನಿನಗ ಬನ್ನಿ ಕೊಟ್ಟು ಕಾಲ ಬೀಳ್ತೀನಿ. ಬ್ಯಾಡ ಅನಬ್ಯಾಡ."

ಬೇಡ ಅನ್ನಬೇಕೆಂದೇ ನನ್ನ ಇಡೀ ದೇಹ ಹೇಳುತ್ತಿತ್ತು. ಅವರು ನನ್ನ ಕಾಲು ಮುಟ್ಟಿದ ಗಳಿಗೆಯಲ್ಲಿ ನಾನು ಮುದುಕಿ. ಅದನ್ನು ತಿದ್ದಲು ಇನ್ನು ಯಾವ ಕಾಯಿದೆಯೂ ಉಳಿದಿಲ್ಲ. ಆದರೆ ಗೋದಕ್ಕ ಆಗಲೇ ವಾಕರ್ ಹಿಡಿದು ಏಳಲು ನೋಡುತ್ತಿದ್ದರು, "ಅವ್ವಾ, ಬಿದ್ದಿ!" ಅಂತ ವಿಜ್ಜು ಕೂಗುತ್ತಿದ್ದಳು. ಅವರು ನೆಲದ ತನಕ ಬಗ್ಗುವ ಸ್ಥಿತಿಯಲ್ಲಿರಲಿಲ್ಲ. ಕೊನೆಗೆ ವಿಜ್ಜುವೇ ದಾರಿ ತೋರಿಸಿದಳು. ಬಗ್ಗುವವರು ಬಗ್ಗಲಾರರು ಎಂದ ಮೇಲೆ ಕಾಲೇ ಮೇಲೆ ಬರಬೇಕು. ನನ್ನ ಮೊಣಕಾಲು ಅದಕ್ಕೂ ತಯಾರಿರಲಿಲ್ಲ. ವಿಜ್ಜು ನನ್ನ ಒಂದು ಕಾಲನ್ನು ಕಲ್ಲಂಗಡಿ ಹಣ್ಣು ಎತ್ತಿದ ಹಾಗೆ ಎರಡೂ ಕೈಯಲ್ಲಿ ಎತ್ತಿ ಮಂಚದ ಮೇಲಿಟ್ಟಳು, ಆಮೇಲೆ ಇನ್ನೊಂದು. ನಾನು "ಅಯ್ಯಯ್ಯೋ, ಸಾವಕಾಶ, ಎಡಗಾಲು ಆ ಕಡೆ ಮಡಚೂದಿಲ್ಲ" ಅಂತ ಒದರುತ್ತ, ಕುರ್ಚಿಯಲ್ಲಿ ಜಾರುತ್ತ, ಮಂಚದ ಮೇಲೆ ಕಾಲು ಚಾಚಿ ಮಲಗಿದವಳಂತಾದೆ. ಬದುಕಿನಲ್ಲಿ ಮೊದಲ ಸಲ ಇನ್ನೊಬ್ಬರ ಮನೆಯಲ್ಲಿ, ಇನ್ನೊಬ್ಬರೆದುರು, ಕಾಲು ಮೇಲೆ. ಒಂದು ಕ್ಷಣ ಹೊರಗಿನ ಕಾರಿಡಾರಿನಲ್ಲಿ ಝಣ್ ಝಣ್ ಕೇಳಿಸಿದಂತಾಗಿ, ಸೀರೆಯನ್ನು ಹಿಮ್ಮಡಿಯ ತನಕ ಎಳೆದುಕೊಂಡೆ.

ಗೋದಕ್ಕ ಬನ್ನಿ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟರು. "ಬನ್ನಿ ತಗೋರಿ ಅಕ್ಕಾ. ಬಂಗಾರದಂಗ ಇರೂಣು." ಅಕ್ಕಾ ಅಂದರು, ತಗೋರಿ ಅಂದರು. ಆಮೇಲೆ ಬಗ್ಗಿ, ನನ್ನ ಊದಿದ ಪಾದಗಳ ಮೇಲೆ ಹಣೆ ಇಟ್ಟರು. ಹಣೆ ಬೆಚ್ಚಗಿತ್ತು. ತಲೆ ಎತ್ತಲೇ ಇಲ್ಲ. ಆಶೀರ್ವಾದಕ್ಕೆ ಕಾಯುತ್ತಿದ್ದಾರೆ ಎಂದು ನನಗೆ ಹೊಳೆಯಲು ತುಸು ಹೊತ್ತು ಹಿಡಿಯಿತು. ಏನು ಹೇಳುವುದು? ದೀರ್ಘಾಯುಷ್ಯ ಅನ್ನಲು ನಾಲಿಗೆ ಬರಲಿಲ್ಲ, ಅವರ ಬೆನ್ನಿನ ಎಲುಬು ಒಂದೊಂದೂ ರವಿಕೆಯ ಮೇಲೆ ಎದ್ದು ಕಾಣುತ್ತಿತ್ತು. ಬರುವ ಕನ್ನಡವೆಲ್ಲ ಆ ಹೊತ್ತಿನಲ್ಲಿ ಎಲ್ಲಿ ಹೋಯಿತೋ. ಅವರ ತಲೆಯ ಮೇಲೆ ಕೈಯಿಟ್ಟೆ. ನನ್ನ ಕೈ ಒಣಗಿದ ಎಲೆಯ ಹಾಗಿದೆ ಎಂದು ಆಗ ನೋಡಿದೆ. ಬಾಯಿಂದ ಬಂದದ್ದು ಇಷ್ಟೇ: "ಗುಡ್ ಗರ್ಲ್."

ಗೋದಕ್ಕ ತಲೆ ಎತ್ತಿದರು. "ಏನಂದ್ರಿ?"

"ಶಾಣ್ಯಾ ಹುಡುಗಿ ಅಂದೆ."

"ಹುಡುಗಿ ಅಂದ್ರಿ!" ಕಣ್ಣಲ್ಲಿ ನೀರು, ಬಾಯಲ್ಲಿ ಆ ಸ್ವಂತದ ಹಲ್ಲುಗಳೆಲ್ಲ. "ಕೇಳಿದೇನ ವಿಜ್ಜೂ? ನಿಮ್ಮವ್ವಗ ಹುಡುಗಿ ಅಂದ್ರು." ಮರುಕ್ಷಣವೇ ಕೈ ಚಾಚಿದರು. "ಮತ್ತ ಹೋಳಿಗಿ ಎಲ್ಲಿ? ದೊಡ್ಡಾಕಿ ಆದ ಮ್ಯಾಲ ಕೊಡಬೇಕಲ್ಲ?" ನಾನು ಪರ್ಸಿನಲ್ಲಿ ತಡಕಾಡಿದೆ. ಮೊಣಕಾಲಿನ ಮುಲಾಮು, ಮೆಟ್ರೋದ ಕಾರ್ಡು, ತಳದಲ್ಲಿ ಒಂದು ಪೆಪ್ಪರಮೆಂಟು. ಅದನ್ನೇ ಕೊಟ್ಟೆ. ಊಟ ಸೇರದ ಗೋದಕ್ಕ ಅದನ್ನು ದವಡೆಗೆ ಸರಿಸಿಕೊಂಡು, ಒಂದು ಕೆನ್ನೆ ಉಬ್ಬಿಸಿ ಕೂತರು. ಇಪ್ಪತ್ತೊಂದು ಇರಲಿ, ಏಳು ವರ್ಷದವಳ ಹಾಗೆ ಕಂಡರು. ನನ್ನ ಕಾಲು ಕೆಳಗಿಳಿಸುವುದನ್ನು ಎಲ್ಲರೂ ಮರೆತಿದ್ದರು.

ವಾಪಸ್ ಹೊರಟಾಗ ಬೇಡವೆಂದರೂ ಕೇಳದೆ ವಾಕರ್ ಊರುತ್ತ ಲಿಫ್ಟಿನ ತನಕ ಬಂದರು. ಕಾರಿಡಾರಿನ ನೆಲದ ಮೇಲೆ ಟಕ್, ಟಕ್, ಟಕ್. ಸಂಕ್ರಾಂತಿಯ ಕುಸುರೆಳ್ಳಿಗೆ ಮೊದಲೇ ಅವರು ಹೋಗಿಬಿಡುತ್ತಾರೆ, ನನಗಿಂತ ಎರಡು ವರ್ಷಕ್ಕೆ ಚಿಕ್ಕವರಾಗಿಯೇ, ಎಂದು ನನಗೆ ಗೊತ್ತಿರಲಿಲ್ಲ. ಮುಂದಿನ ದಸರೆಗೆ ಸೊಸೆ ಬಾಗಿಲಿಗೆದುರಾಗಿ ಕುರ್ಚಿ ಹಾಕಿ "ಅತ್ತಿ, ಇಲ್ಲೆ ಕುಂಡ್ರಿ, ಮಂದಿ ಬರ್ತಾರ" ಅನ್ನುತ್ತಾಳೆ ಎಂದೂ ಗೊತ್ತಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಲಿಫ್ಟಿನ ಆ ಎರಡು ಬೆರಳಿನ ಸಂದು ಮಾತ್ರ. ಬಾಗಿಲು ತೆರೆಯಿತು. ವಿಜ್ಜು ಒಳಗಿನಿಂದ ಕೈ ಚಾಚಿದಳು. ಹಿಂದಿನಿಂದ ಗೋದಕ್ಕನ ದನಿ, ಪೆಪ್ಪರಮೆಂಟು ತುಂಬಿದ ಬಾಯಲ್ಲಿ, ತುಂಟತನ ತಡೆದುಕೊಂಡು: "ಸಾವಕಾಶ ಹೋಗ್ರಿ ಅಕ್ಕಾ. ನೆಲಾ ನೋಡ್ಕೊಂಡು ಹೆಜ್ಜಿ ಇಡ್ರಿ. ವಯಸ್ಸಾದವ್ರು ನೀವು."

ನಾನು ನೆಲ ನೋಡಿಕೊಂಡೇ ಹೆಜ್ಜೆ ಇಟ್ಟೆ. ದಾಟಿ, ಉಸಿರು ಬಿಟ್ಟು, "ಐ ಯಾಮ್ ಫೈನ್" ಎಂದು ತಲೆ ಎತ್ತುವಷ್ಟರಲ್ಲಿ ಲಿಫ್ಟಿನ ಬಾಗಿಲು ಮುಚ್ಚಿತ್ತು.